ಎಆರ್‌ಪಿಗೆ ನೆನಪಿತ್ತು, ಮ್ಯಾಕ್ ಟೇಬಲ್ ಮರೆತಿತ್ತು

ಲ್ಯಾಪ್‌ಟಾಪನ್ನು ಸರ್ವರ್‌ಗಳಿರುವ ವಿಲ್ಯಾನ್ 20ರ (ಸ್ವಿಚ್‌ಗಳಲ್ಲಿ ಬೇರೆ ಮಾಡಿಟ್ಟ ಒಂದು ನೆಟ್‌ವರ್ಕ್) ಒಂದು ಖಾಲಿ ಪೋರ್ಟ್‌ಗೆ ಸಿಕ್ಕಿಸಿ, ಪೋರ್ಟ್‌ಗೆ ಬರುವ ಡೇಟಾ ತೋರಿಸುವ ವೈರ್‌ಶಾರ್ಕ್ ತೆರೆದೆ. ಪರದೆ ಮೇಲೆ ಯಾರದ್ದೋ ಬ್ಯಾಕಪ್ ದಬದಬನೆ ಸುರಿಯುತ್ತಿತ್ತು. ಬ್ರಾಡ್‌ಕಾಸ್ಟ್ ಆಗಿದ್ದರೆ ಬಿಡಿ, ಅದು ಎಲ್ಲರಿಗೂ ಬರುವಂಥದ್ದೇ. ಇವು ಬ್ಯಾಕಪ್ ಸರ್ವರ್‌ನ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು) ಹೊತ್ತ ಯೂನಿಕಾಸ್ಟ್ ಫ್ರೇಮ್‌ಗಳು, ಅಂದ್ರೆ ಒಬ್ಬರಿಗೇ ಅಂತ ಕಳಿಸಿದವು. ನನ್ನ ಪೋರ್ಟ್‌ನಲ್ಲಿ ಇವಕ್ಕೇನು ಕೆಲಸ?

ಬ್ಯಾಕಪ್ ನಡೆಯುವಾಗ ಆ ವಿಲ್ಯಾನ್‌ನ ಉಳಿದ ಸರ್ವರ್‌ಗಳೂ ನಿಧಾನ ಆಗುತ್ತವೆ ಅನ್ನೋದು ದೂರು. ವಿಚಿತ್ರ ಅಂದ್ರೆ, ಶುರುವಿನ ಐದು ನಿಮಿಷ ಎಲ್ಲ ಸರಿ ಇರುತ್ತಿತ್ತು.

ಮೊದಲು ಮ್ಯಾಕ್ ಟೇಬಲ್ (ಯಾವ ಮ್ಯಾಕ್ ಯಾವ ಪೋರ್ಟ್‌ನಲ್ಲಿದೆ ಎಂಬ ಸ್ವಿಚ್‌ನ ಪಟ್ಟಿ) ತುಂಬಿ ತುಳುಕುತ್ತಿರಬೇಕು ಅಂದುಕೊಂಡೆ. ತುಂಬಿದರೆ ಹೊಸ ವಿಳಾಸಕ್ಕೆ ಜಾಗ ಇರಲ್ಲ, ಸ್ವಿಚ್ ಹಳೇ ಹಬ್‌ನಂತೆ ಎಲ್ಲ ಪೋರ್ಟ್‌ಗೂ ಕಳಿಸುತ್ತೆ. ಎಣಿಸಿ ನೋಡಿದರೆ ಟೇಬಲ್ ಮುಕ್ಕಾಲು ಪಾಲು ಖಾಲಿ. ರೂಟಿಂಗ್ ಟೇಬಲ್‌ನಲ್ಲೂ ತಪ್ಪಿಲ್ಲ. ಬ್ಯಾಕಪ್ ಸರ್ವರ್‌ನ ಸಬ್‌ನೆಟ್ (ಅದರ ಐಪಿ ವಿಳಾಸಗಳ ಗುಂಪು) ನೇರವಾಗಿ ಜೋಡಿಸಿದ್ದು ಅಂತ ತೋರಿಸುತ್ತಿತ್ತು. ಎಆರ್‌ಪಿ ಟೇಬಲ್‌ನಲ್ಲಿ (ಯಾವ ಐಪಿಗೆ ಯಾವ ಮ್ಯಾಕ್ ಎಂಬ ಪಟ್ಟಿ) ಅದರ ಐಪಿ ಇದೆ, ಪಕ್ಕದಲ್ಲಿ ಮ್ಯಾಕ್ ಇದೆ. ಅದೇ ಮ್ಯಾಕನ್ನು ಮ್ಯಾಕ್ ಟೇಬಲ್‌ನಲ್ಲಿ ಹುಡುಕಿದೆ. ಒಂದು ಸಾಲೂ ಇಲ್ಲ!

ಲೇಯರ್ 3 ಸ್ವಿಚ್ (ರೂಟಿಂಗನ್ನೂ ಮಾಡುವ ಸ್ವಿಚ್) ಒಂದು ಪ್ಯಾಕೆಟ್‌ಗೆ ಮೂರು ಪ್ರಶ್ನೆ ಕೇಳುತ್ತೆ. ಯಾವ ದಿಕ್ಕಿಗೆ ಅನ್ನೋದಕ್ಕೆ ರೂಟಿಂಗ್ ಟೇಬಲ್ ಉತ್ತರ ಕೊಡುತ್ತೆ. ಅಲ್ಲಿ ಯಾರ ಕೈಗೆ ಅನ್ನೋದಕ್ಕೆ ಎಆರ್‌ಪಿ. ಅವರು ಯಾವ ಪೋರ್ಟ್‌ನಲ್ಲಿದ್ದಾರೆ ಅನ್ನೋದಕ್ಕೆ ಮ್ಯಾಕ್ ಟೇಬಲ್. ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಪ್ಯಾಕೆಟ್ ಬಿಸಾಡಲ್ಲ, ಆ ವಿಲ್ಯಾನ್‌ನ ಎಲ್ಲ ಪೋರ್ಟ್‌ಗೂ ಹಂಚಿಬಿಡುತ್ತೆ. ನನ್ನ ಲ್ಯಾಪ್‌ಟಾಪ್‌ಗೆ ಸಿಕ್ಕಿದ್ದು ಆ ಪಾಲು.

ಸರಿ, ಮ್ಯಾಕ್ ಯಾಕೆ ಮಾಯ? ಸುಮ್ನೆ ಸ್ವಿಚ್‌ನಿಂದಲೇ ಬ್ಯಾಕಪ್ ಸರ್ವರ್‌ಗೆ ಪಿಂಗ್ ಮಾಡಿದೆ, ಅಂದ್ರೆ ಇದ್ದೀಯಾ ಅಂತ ಕೇಳುವ ಸಣ್ಣ ಸಂದೇಶ ಕಳಿಸಿದೆ. ವೈರ್‌ಶಾರ್ಕ್ ಥಟ್ಟನೆ ತಣ್ಣಗಾಯಿತು. ಗಡಿಯಾರ ನೋಡುತ್ತಾ ಕೂತೆ. ಐದು ನಿಮಿಷ ಕಳೆಯಿತೋ ಇಲ್ಲವೋ, ಮತ್ತೆ ಪ್ರವಾಹ. ಆಗ ಹೊಳೆಯಿತು. ನಮ್ಮ ಸ್ವಿಚ್‌ಗಳಲ್ಲಿ ಮ್ಯಾಕ್ ನಮೂದಿನ ಆಯಸ್ಸು 300 ಸೆಕೆಂಡ್, ಎಆರ್‌ಪಿಯದ್ದು 4 ಗಂಟೆ. ಎರಡೂ ಡೀಫಾಲ್ಟ್, ನಾವ್ಯಾರೂ ಮುಟ್ಟಿದ್ದಲ್ಲ. (ಎಆರ್‌ಪಿಯನ್ನು ವಿವರಿಸಿದ 1982ರ ತಾಂತ್ರಿಕ ದಾಖಲೆ ಆರ್‌ಎಫ್‌ಸಿ 826ರಲ್ಲಿ ಇಂತಿಷ್ಟೇ ಹೊತ್ತು ನೆನಪಿಡಿ ಎಂಬ ಅಂಕಿ ಇಲ್ಲ, ಅದು ತಯಾರಕರಿಗೆ ಬಿಟ್ಟದ್ದು.)

ಆದರೂ ಬ್ಯಾಕಪ್ ಸರ್ವರ್ ಸತತವಾಗಿ ಮಾತಾಡುತ್ತಲೇ ಇತ್ತಲ್ಲ, ಅದರ ಮ್ಯಾಕ್ ಯಾಕೆ ಮರೆತುಹೋಗಬೇಕು? ಕಾಗದದ ಮೇಲೆ ದಾರಿ ಬರೆದುಕೊಂಡೆ. ನಮ್ಮಲ್ಲಿ ಎರಡು ಲೇಯರ್ 3 ಸ್ವಿಚ್, ನಡುವೆ ಒಂದು ಟ್ರಂಕ್ (ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಕೊಂಡಿ). ಡೇಟಾ ಇರುವ ಸರ್ವರ್ ವಿಲ್ಯಾನ್ 10ರಲ್ಲಿ, ಮೊದಲ ಸ್ವಿಚ್‌ಗೆ ಜೋಡಿಸಿದ್ದು, ಅದರ ಗೇಟ್‌ವೇಯೂ (ಬೇರೆ ನೆಟ್‌ವರ್ಕ್‌ಗೆ ಹೋಗುವ ಬಾಗಿಲು) ಆ ಸ್ವಿಚ್ಚೇ. ಬ್ಯಾಕಪ್ ಸರ್ವರ್ ಎರಡನೇ ಸ್ವಿಚ್‌ನಲ್ಲಿ, ಗೇಟ್‌ವೇ ಕೂಡ ಅದೇ. ಹೋಗುವಾಗ ಮೊದಲ ಸ್ವಿಚ್ ರೂಟ್ ಮಾಡಿ ವಿಲ್ಯಾನ್ 20ಕ್ಕೆ ಹಾಕುತ್ತೆ. ಬರುವಾಗ ಎರಡನೆಯದು ರೂಟ್ ಮಾಡಿ ವಿಲ್ಯಾನ್ 10ಕ್ಕೆ ಹಾಕುತ್ತೆ. ಒಮ್ಮೆ ರೂಟ್ ಆದ ಮೇಲೆ ಫ್ರೇಮ್‌ನಲ್ಲಿ ಕಳಿಸಿದವರ ಮ್ಯಾಕ್ ಬದಲಾಗುತ್ತೆ, ಐಪಿ ಹಾಗೇ ಉಳಿಯುತ್ತೆ. ಹಾಗಾಗಿ ಮೊದಲ ಸ್ವಿಚ್‌ಗೆ ಬ್ಯಾಕಪ್ ಸರ್ವರ್‌ನ ಉತ್ತರ ತಲುಪುವಾಗ ಮೇಲಿರುವುದು ಎರಡನೇ ಸ್ವಿಚ್‌ನ ಮ್ಯಾಕ್. ಬ್ಯಾಕಪ್ ಸರ್ವರ್‌ನ ಮುಖವನ್ನೇ ಅದು ನೋಡಲ್ಲ. ಶುರುವಿನಲ್ಲಿ ಎಆರ್‌ಪಿ ಉತ್ತರ ಬಂದಾಗ ಒಮ್ಮೆ ನೋಡಿದ್ದು, ಅಷ್ಟೇ. ಪಿಂಗ್ ಮಾಡಿದಾಗ ಉತ್ತರ ನೇರವಾಗಿ ಬಂತು, ಮತ್ತೆ ಕಲಿತುಕೊಂಡಿತು.

ಎರಡೂ ವಿಲ್ಯಾನ್‌ಗೆ ಒಂದೇ ಸ್ವಿಚ್ಚನ್ನು ಗೇಟ್‌ವೇ ಮಾಡಬಹುದಿತ್ತು. ಆದರೆ ಭಾರ ಹಂಚೋಕೆ ಅಂತಲೇ ಹೀಗೆ ಇಟ್ಟಿದ್ದು. ಮ್ಯಾಕ್ ಆಯಸ್ಸನ್ನು 4 ಗಂಟೆಗೆ ಏರಿಸುವುದೂ ಒಂದು ದಾರಿ. ನನಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ಕಿತ್ತುಹಾಕಿದ ಯಂತ್ರಗಳ ಮ್ಯಾಕ್ ಗಂಟೆಗಟ್ಟಲೆ ಟೇಬಲ್‌ನಲ್ಲೇ ಕೂತಿರುತ್ತೆ. ಎಆರ್‌ಪಿ ಆಯಸ್ಸನ್ನು 270 ಸೆಕೆಂಡ್‌ಗೆ ಇಳಿಸಿದೆ. ಮ್ಯಾಕ್ ಮರೆಯುವ ಮುಂಚೆಯೇ ಸ್ವಿಚ್ ಮತ್ತೆ "ಈ ಐಪಿ ಯಾರದ್ದು?" ಅಂತ ಕೇಳುತ್ತೆ, ಉತ್ತರದ ಜೊತೆಗೆ ಮ್ಯಾಕ್ ಟೇಬಲ್ ಕೂಡ ಹೊಸದಾಗುತ್ತೆ. ಎಆರ್‌ಪಿ ಓಡಾಟ ಸ್ವಲ್ಪ ಜಾಸ್ತಿ ಆಯಿತು. ಕೆಲವು ನೂರು ಯಂತ್ರಗಳಿಗೆ ಅದು ಲೆಕ್ಕಕ್ಕಿಲ್ಲ.

ಆ ರಾತ್ರಿ ಬ್ಯಾಕಪ್ ಶುರುವಾದಾಗ ಲ್ಯಾಪ್‌ಟಾಪ್ ಅದೇ ಪೋರ್ಟ್‌ನಲ್ಲಿತ್ತು. ಐದನೇ ನಿಮಿಷ ದಾಟಿತು, ಆರು, ಹತ್ತು. ವೈರ್‌ಶಾರ್ಕ್‌ನಲ್ಲಿ ಆಗೊಂದು ಈಗೊಂದು ಬ್ರಾಡ್‌ಕಾಸ್ಟ್ ಬಿಟ್ಟರೆ ಏನೂ ಇಲ್ಲ.