ಹುಳಿ ಹಿಡಿದ ರೀಲಿನಿಂದ ಡಯಲ್ ಫೋನಿನ ಪಾಠ ಎತ್ತಿದ್ದು: ನನ್ನ ಅನುಭವ

ಹದಿನಾರು ಎಂಎಂ ಫಿಲ್ಮಿನ ಗೀಳಿನ ಗೆಳೆಯರಿಗೆ, ಮಕ್ಕಳಿಗೆ ಫೋನ್ ಕಲಿಸುವ ಒಂದು ಹಳೇ ಚಿತ್ರದ ರೀಲಿನ ಫೋಟೋ ಕಳಿಸಿದಾಗ ಎಲ್ಲರದ್ದೂ ಒಂದೇ ರಾಗ. ಫಿಲ್ಮು ಕೊಳೆತು ವಿನೆಗರಿನಂಥ ಹುಳಿ ವಾಸನೆ ಶುರುವಾಗಿದೆ, ಸೊಟ್ಟಗಾಗಿದೆ, ಕುಗ್ಗಿದೆ, ಪಕ್ಕದ ಡಬ್ಬಿಗಳಿಗೂ ಹತ್ತುವ ಮೊದಲು ಬಿಸಾಕಿ. ಆ ರೀಲು ಈಗ ಬಣ್ಣ, ಶಬ್ದ ಸಮೇತ ನನ್ನ ಹಾರ್ಡ್ ಡಿಸ್ಕಿನಲ್ಲಿದೆ. ಬಿಸಾಕಿ ಅಂದವರೇ ಈಗ "ಹೇಗೆ ಮಾಡಿದ್ರಿ?" ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಮ್ಮೆಗೇ ಬರೆದುಬಿಡುತ್ತೇನೆ.

ರೀಲು ಸಿಕ್ಕಿದ್ದು ನ್ಯೂಜೆರ್ಸಿಯ ಒಂದು ಹಳೇ ಸಾಮಾನಿನ ಸಂತೆಯಲ್ಲಿ, ಇಪ್ಪತ್ತೋ ಇಪ್ಪತ್ತೈದೋ ಡಾಲರಿಗೆ. ಮಕ್ಕಳಿಗೆ ಟೆಲಿಫೋನ್ ಬಳಸುವುದನ್ನು ಕಲಿಸುವ ಚಿತ್ರ. ಇಂಥವನ್ನು ಅಮೆರಿಕದ ಬೆಲ್ ಟೆಲಿಫೋನ್ ಕಂಪನಿಗಳು ವರ್ಷಾನುಗಟ್ಟಲೆ ಮಾಡಿಸಿ ಶಾಲೆಗಳಿಗೆ ಪುಕ್ಕಟೆ ಎರವಲು ಕೊಡುತ್ತಿದ್ದವು. 1949ರ ಒಂದಕ್ಕಂತೂ ಬಿಲ್ ಬೇರ್ಡ್ ಅವರ ಸೂತ್ರದ ಗೊಂಬೆಗಳನ್ನೇ ತಂದು ಕುಣಿಸಿದ್ದರು. ಮುಂದೆ 'ದಿ ಸೌಂಡ್ ಆಫ್ ಮ್ಯೂಸಿಕ್'ನಲ್ಲಿ ಮೇಕೆ ಕಾಯುವವನ ಗೊಂಬೆಯಾಟ ಆಡಿಸಿದ್ದೂ ಅವರೇ. ನನ್ನ ರೀಲಿನಲ್ಲಿ ಗೊಂಬೆ ಇಲ್ಲ, ಅಣ್ಣ ತಂಗಿ ಇದ್ದಾರೆ. ಚಿತ್ರದ ಹೆಸರು ಕೇಳಬೇಡಿ, ಮೊದಲ ಕೆಲವು ಅಡಿ ಯಾವತ್ತೋ ಹರಿದುಹೋಗಿದೆ.

ಕಾಲ ಪತ್ತೆ ಮಾಡಿದ್ದು ಖುಷಿಯ ಕೆಲಸ. ಫಿಲ್ಮು ತಯಾರಾದ ವರ್ಷ ತಿಳಿಸಲು ಕೊಡಕ್ ಕಂಪನಿ ಅಂಚಿನಲ್ಲಿ ಹಾಕುತ್ತಿದ್ದ ಗುರುತು ಇಪ್ಪತ್ತು ವರ್ಷಕ್ಕೊಮ್ಮೆ ಮರುಕಳಿಸುತ್ತದೆ. ಹಾಗಾಗಿ 1941 ಇರಬೇಕು, ಇಲ್ಲಾ 1961. ಇಡೀ ಪ್ರಿಂಟು ಗುಲಾಬಿಗೆ ತಿರುಗಿದೆ ಎಂದ ಮೇಲೆ ಈಸ್ಟ್‌ಮನ್ ಕಲರ್ ಎಂಬ ಬಣ್ಣದ ಫಿಲ್ಮು. 1941ರಲ್ಲಿ ಅದಿನ್ನೂ ಬಂದಿರಲಿಲ್ಲ, ಅಲ್ಲಿಗೆ 1941 ಬಿತ್ತು. ಜೊತೆಗೆ ತಂಗಿಯ ಹಾಸಿಗೆ ಪಕ್ಕ ಪ್ರಿನ್ಸೆಸ್ ಎಂಬ ಮಾದರಿಯ ಫೋನು ಕಾಣುತ್ತದೆ. ಅದು ಬಂದಿದ್ದು 1959ರಲ್ಲಿ. 1963ರಲ್ಲಿ ಬಂದ ಒತ್ತುಗುಂಡಿಯ ಫೋನು ಎಲ್ಲೂ ಇಲ್ಲ. ಲೆಕ್ಕ ಕೂಡಿತು.

ಈ ಥರದ ಚಿತ್ರದ ಮೇಲೆ ನನಗ್ಯಾಕೆ ಇಷ್ಟು ಮೋಹ ಅಂದರೆ, ಹಾಸನದಲ್ಲಿ ನಮಗೆ ಫೋನ್ ಕಲಿಸಿದವರೇ ಯಾರೂ ಇಲ್ಲ. ದೊಡ್ಡಪ್ಪನ ಮನೆಯಲ್ಲಿ ಬೆಂಗಳೂರಿನ ಐಟಿಐ ಕಾರ್ಖಾನೆ ಮಾಡಿದ ಕರೀ ಫೋನಿತ್ತು, ಡಯಲಿನ ತೂತಿಗೆ ಒಂದು ಪುಟ್ಟ ಬೀಗವೂ ಇತ್ತು. ನಾವು ರಿಸೀವರ್ ಎತ್ತಿ, ಅದು ಕೂರುವ ಗುಂಡಿಯನ್ನೇ ಟಕಟಕ ಕುಟ್ಟಿ ನಂಬರ್ ಹಚ್ಚುತ್ತಿದ್ದೆವು. ಮೂರಕ್ಕೆ ಮೂರು ಸಲ, ಸೊನ್ನೆಗೆ ಹತ್ತು ಸಲ. ಈ ಚಿತ್ರದಲ್ಲಿ ಒಬ್ಬ ಟೀಚರ್ ಬೆರಳೆತ್ತಿ "ಆ ಗುಂಡಿ ಕುಟ್ಟಬಾರದು ಮಕ್ಕಳೇ" ಅನ್ನುವಾಗ ಪ್ರತಿ ಸಲವೂ ನಗು ಬರುತ್ತದೆ.

ಇನ್ನು ಕೆಲಸದ ವಿಷಯ. ಫಿಲ್ಮಿನ ಅಂಚಿನ ನೂರು ತೂತಿಗೆ ಸ್ಕೇಲ್ ಇಟ್ಟು ಅಳೆದೆ. 762 ಮಿಲಿಮೀಟರ್ ಇರಬೇಕಾದ್ದು 750ರ ಆಸುಪಾಸಿನಲ್ಲಿತ್ತು. ಅಂದರೆ ಒಂದೂವರೆ ಪರ್ಸೆಂಟ್ ಕುಗ್ಗಿದೆ. ಪ್ರೊಜೆಕ್ಟರಿಗೆ ಹಾಕುವ ಮಾತೇ ಇಲ್ಲ, ಅದರ ಚಕ್ರದ ಹಲ್ಲು ತೂತನ್ನು ಹರಿದುಹಾಕುತ್ತದೆ. ಒಂದು ಲ್ಯಾಬಿಗೆ ಕೇಳಿದೆ. ಮುನ್ನೂರೈವತ್ತು ಡಾಲರ್ ಚಿಲ್ಲರೆ, ಅದೂ ಗ್ಯಾರಂಟಿ ಇಲ್ಲದೆ. ಇನ್ನೊಂದು ಕಡೆಯವರು ವಾಸನೆಯ ರೀಲು ಒಳಗೇ ತರಬೇಡಿ ಅಂದರು. ಮನೆಯಲ್ಲೂ ಅದೇ ಕಥೆ. ಡಬ್ಬಿ ತೆಗೆದ ಮೊದಲ ದಿನವೇ ಹೆಂಡತಿ ಅಡುಗೆಮನೆಯಿಂದ ಬಂದು "ಏನ್ರೀ ಇದು, ವಿನೆಗರ್ ಚೆಲ್ಲಿಕೊಂಡ್ರಾ?" ಅಂದಳು. ಅವತ್ತಿನಿಂದ ಕೆಲಸವೆಲ್ಲ ಗರಾಜಿನಲ್ಲಿ.

ಮೊದಲು ತ್ರೀಡಿ ಪ್ರಿಂಟರಿನಲ್ಲಿ ಕುಗ್ಗಿದ ಅಳತೆಗೇ ಹಲ್ಲಿನ ಚಕ್ರ ಮಾಡಿಸಿದೆ. ಕಾಗದದ ಮೇಲೆ ಎಲ್ಲ ಸರಿ, ಆದರೆ ರೀಲು ಎಲ್ಲ ಕಡೆ ಒಂದೇ ಸಮ ಕುಗ್ಗಿರುವುದಿಲ್ಲವಲ್ಲ. ಹೊರಸುತ್ತು ಜಾಸ್ತಿ, ಒಳಸುತ್ತು ಕಡಿಮೆ. ಐವತ್ತು ಅಡಿ ಚೆನ್ನಾಗಿ ಓಡಿ ಆಮೇಲೆ ಕಚ್ಚಿಕೊಂಡಿತು. ಹಲ್ಲನ್ನು ಸಣ್ಣ ಮಾಡಿ ನೋಡಿದೆ, ಆಗ ಫ್ರೇಮು ನೆಗೆಯಲು ಶುರುವಾಯಿತು. ಎರಡು ತಿಂಗಳು, ನೂರೈವತ್ತು ಡಾಲರಿನಷ್ಟು ಪ್ಲಾಸ್ಟಿಕ್ಕು ಮತ್ತು ಮೋಟರು ಹೀಗೇ ಹೋಯಿತು.

ಕೊನೆಗೆ ಹಲ್ಲನ್ನೇ ಬಿಟ್ಟುಬಿಟ್ಟೆ. ರಬ್ಬರ್ ಸುತ್ತಿದ ಒಂದು ರೋಲರ್, ಅದಕ್ಕೊಂದು ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟರು, ಎರಡು ಕಡೆ ಬಿಗಿ ಹಿಡಿಯುವ ತೋಳು. ರೋಲರ್ ಫಿಲ್ಮನ್ನು ಸುಮಾರಾಗಿ ಒಂದು ಫ್ರೇಮಿನಷ್ಟು ತಳ್ಳುತ್ತದೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಕ್ಯಾಮೆರಾ ತೂತು ಎಲ್ಲಿದೆ ಅಂತ ನೋಡಿ, ಹೆಚ್ಚು ಕಮ್ಮಿ ಆಗಿದ್ದರೆ ಮುಂದಿನ ತಳ್ಳಿಕೆಯಲ್ಲಿ ಸರಿಮಾಡುತ್ತದೆ. ಉಳಿದ ಅಲುಗಾಟವನ್ನು ಆಮೇಲೆ ಸಾಫ್ಟ್‌ವೇರಿನಲ್ಲಿ ತೂತಿಗೆ ತೂತು ಕೂಡಿಸಿ ತೆಗೆಯುವುದು. "ರೋಲರ್ ಜಾರುತ್ತೆ ಕಣ್ರೀ" ಅಂತ ಎಚ್ಚರಿಸಿದವರಿಗೆ ಉತ್ತರ: ಜಾರುತ್ತೆ, ಜಾರಲಿ. ತೂತು ಕಾಣುವವರೆಗೆ ಚಿಂತೆ ಇಲ್ಲ. ಲೆನ್ಸು, ಫೋಟೋ ಹಿಗ್ಗಿಸುವ ಹಳೇ ಎನ್ಲಾರ್ಜರಿನ 50 ಮಿ.ಮೀ., ತಿರುಗಿಸಿ ಹಾಕಿದ್ದು. ಸೊಟ್ಟ ಫಿಲ್ಮು ಗೇಟಿನಲ್ಲಿ, ಅಂದರೆ ಫ್ರೇಮು ಲೆನ್ಸಿನ ಮುಂದೆ ಕೂರುವ ಕಿಂಡಿಯಲ್ಲಿ, ಗೀರು ಬೀಳದೆ ಚಪ್ಪಟೆ ಕೂರುವ ಹಾಗೆ ಮಾಡಲು ಒಂದು ಉಪಾಯ ಕಂಡುಕೊಂಡಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಗಾಜು ಅಲ್ಲ, ಅಷ್ಟು ಮಾತ್ರ ಹೇಳುತ್ತೇನೆ.

ಮಧ್ಯೆ ಕರ್ಪೂರದ ಪ್ರಯೋಗವೂ ಆಯಿತು. ಹಳೇ ಸಂಗ್ರಾಹಕರು ಡಬ್ಬಿಯಲ್ಲಿ ಕರ್ಪೂರ ಇಟ್ಟರೆ ಫಿಲ್ಮು ಮೆತ್ತಗಾಗುತ್ತದೆ ಅನ್ನುತ್ತಾರೆ. ನೈಟ್ರೇಟ್ ಕಾಲದ ಸೆಲ್ಯುಲಾಯ್ಡಿಗೆ ಕರ್ಪೂರ ಬೆರೆಸುತ್ತಿದ್ದದ್ದು ನಿಜ, ಆದರೆ ನನ್ನ ರೀಲು ಬೇರೆ ಥರದ್ದು, ಅಸಿಟೇಟು. ಆದರೂ ನಮ್ಮ ಮನೆಯಲ್ಲಿ ಕರ್ಪೂರಕ್ಕೇನು ಬರ? ದೇವರ ಮನೆಯಿಂದ ಒಂದು ಮುಷ್ಟಿ ಬಿಲ್ಲೆ ತಂದು ಬಟ್ಟೆಯಲ್ಲಿ ಕಟ್ಟಿ ಮೂರು ವಾರ ಡಬ್ಬಿಯಲ್ಲಿ ಇಟ್ಟೆ. ಸುರುಳಿ ಒಂಚೂರು ಸಡಿಲವಾದಂತೆ ಕೈಗೆ ಅನಿಸಿತು. ಆದರೆ ಹುಳಿ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಎ-ಡಿ ಸ್ಟ್ರಿಪ್ಪು ಮೊದಲಿನಂತೆ ಹಳದಿಗೇ ತಿರುಗಿತು, ಹುಳಿ ಕಿಂಚಿತ್ತೂ ಇಳಿದಿರಲಿಲ್ಲ. ಫಿಲ್ಮಿನ ಮೇಲೆ ಬಿಳಿ ಹರಳು ಕೂತು, ಅದನ್ನು ಒರೆಸಲು ಇನ್ನೆರಡು ಸಂಜೆ ಬೇಕಾಯಿತು. ಹುಳಿ ಹೀರಲು ಮಾಲಿಕ್ಯುಲರ್ ಸೀವ್ ಪೊಟ್ಟಣವೇ ವಾಸಿ. ಅದೂ ನಿಧಾನಿಸುತ್ತದೆ ಅಷ್ಟೇ, ಹೋದದ್ದನ್ನು ತರುವುದಿಲ್ಲ.

ಬಣ್ಣದ್ದು ಬೇರೆ ತಲೆನೋವು. ಫಿಲ್ಮಿನ ಸಯಾನ್ (ಹಸಿರು-ನೀಲಿ) ಬಣ್ಣದ ಪದರ ಬಹುತೇಕ ಹಾರಿಹೋಗಿತ್ತು. ಬಿಳಿ ಎಲ್‌ಇಡಿಯಲ್ಲಿ ತೆಗೆದು ಕಂಪ್ಯೂಟರಿನಲ್ಲಿ ಎಳೆದರೆ ಹುಡುಗಿಯ ಮುಖ ಹಸಿರಾಗುತ್ತಿತ್ತು. ಆಮೇಲೆ ಕೆಂಪು, ಹಸಿರು, ನೀಲಿ ಎಲ್‌ಇಡಿ ಬೇರೆ ಬೇರೆ ಹಚ್ಚಿ ಒಂದೊಂದು ಫ್ರೇಮಿಗೆ ಮೂರು ಫೋಟೋ ತೆಗೆದೆ. ಕೆಂಪಿಗೆ ಮಾಮೂಲಿ 630 ನ್ಯಾನೋಮೀಟರ್ ಅಲೆಯುದ್ದದ್ದು ಬಿಟ್ಟು 660ರದು ಹಾಕಿದ ಮೇಲೆ, ಇಲ್ಲವೇ ಇಲ್ಲ ಅಂದುಕೊಂಡಿದ್ದ ಸಯಾನ್‌ನ ಚೂರುಪಾರು ಕಾಣಿಸಿಕೊಂಡಿತು. ನೆರಳಿನಲ್ಲಿ ಇನ್ನೂ ಕಾಳು ಕಾಳು, ಒಪ್ಪುತ್ತೇನೆ. ಆದರೆ ಫೋನು ನೀಲಿ ಅಂತ ಗೊತ್ತಾಗುತ್ತದೆ, ಗೋಡೆ ಹಳದಿ ಅಂತ ಗೊತ್ತಾಗುತ್ತದೆ. ನಾನೂರು ಅಡಿಗೆ ಸ್ವಲ್ಪ ಕಡಿಮೆ, ಹದಿನೈದು ಸಾವಿರ ಚಿಲ್ಲರೆ ಫ್ರೇಮು. ರಾತ್ರಿ ಊಟ ಮುಗಿಸಿ ಶುರು ಮಾಡಿದರೆ ಬೆಳಗಿನ ಕಾಫಿ ಹೊತ್ತಿಗೆ ಮುಗಿಯುತ್ತದೆ.

ಶಬ್ದಕ್ಕೆ ಬೇರೆ ಯಂತ್ರ ಬೇಕೆಂದು ಎಲ್ಲರೂ ಹೇಳಿದ್ದರು. ಬೇಡ. ಫಿಲ್ಮಿನ ಅಂಚಿನ ಶಬ್ದದ ಪಟ್ಟಿಯೂ ಫೋಟೋದೊಳಗೆ ಬರುವಷ್ಟು ಅಗಲಕ್ಕೆ ತೆಗೆದು, ಸೌತ್ ಕೆರೊಲಿನಾ ವಿಶ್ವವಿದ್ಯಾಲಯದವರ ಎಇಒ-ಲೈಟ್ ಎಂಬ ಸಾಫ್ಟ್‌ವೇರಿಗೆ ಕೊಟ್ಟರೆ ಚಿತ್ರದಿಂದಲೇ ಶಬ್ದ ಹೊರಡಿಸುತ್ತದೆ. ಮೊದಲ ಸಲ ಕೇಳಿದಾಗ ಮಾತಿನ ಕೆಳಗೆ ಒಂದೇ ಸಮನೆ ಗುರ್ ಎನ್ನುವ ಸದ್ದು. ಫ್ರೇಮಿನ ಮೇಲಂಚಿಗೂ ಕೆಳಅಂಚಿಗೂ ಬೆಳಕು ಒಂದೇ ಸಮ ಇಲ್ಲದಿದ್ದರೆ ಸೆಕೆಂಡಿಗೆ 24 ಸಲ ಈ ಗುರ್ರು ಬರುತ್ತದೆ. ಎಲ್‌ಇಡಿ ಮುಂದೆ ಹಾಲುಬಣ್ಣದ ಅಕ್ರಿಲಿಕ್ ಇನ್ನೊಂದು ಪದರ ಹಾಕಿದೆ, ಮುಕ್ಕಾಲು ಪಾಲು ಹೋಯಿತು.

ಫಿಲ್ಮಿನ ಮೇಲೆ ಶಬ್ದ ಅದರ ಚಿತ್ರಕ್ಕಿಂತ 26 ಫ್ರೇಮು ಮುಂದಿರುತ್ತದಲ್ಲ, ಅದನ್ನು ಹೊಂದಿಸಲು ಈ ಚಿತ್ರವೇ ನೆರವಿಗೆ ಬಂತು. ಹುಡುಗಿ ಬೆರಳನ್ನು ತೂತಿಗಿಟ್ಟು ಲೋಹದ ತಡೆ ತಾಗುವವರೆಗೆ ಡಯಲ್ ಎಳೆದು ಬಿಡುವ ಒಂದು ಕ್ಲೋಸಪ್ಪಿದೆ. ಉಗುರಿನ ಕೊಳೆಯೂ ಕಾಣುವಷ್ಟು ಹತ್ತಿರ. ಬೆರಳು ಬಿಟ್ಟ ಫ್ರೇಮಿಗೆ ಡಯಲಿನ ಮೊದಲ ಟಿಕ್ಕು ಕೂರಿಸಿದೆ, ಇಡೀ ರೀಲು ತಾಳೆಯಾಯಿತು. ಡಯಲು ಸೆಕೆಂಡಿಗೆ ಸುಮಾರು ಹತ್ತು ಟಿಕ್ಕು ಕೊಡುತ್ತದೆ. ಕುತೂಹಲಕ್ಕೆ ಅಲೆಯನ್ನು ಹಿಗ್ಗಿಸಿ ಎಣಿಸಿದೆ. ಹುಡುಗಿ ತಿರುಗಿಸುವುದು ಸೊನ್ನೆ, ಹತ್ತು ಟಿಕ್ಕು ಬರಬೇಕು, ಕೇಳಿಸುವುದು ಮಾತ್ರ ಏಳು! ಸ್ಟುಡಿಯೋದಲ್ಲಿ ಯಾರೋ ಕೈಗೆ ಸಿಕ್ಕ ಸದ್ದನ್ನು ಅಂಟಿಸಿದ್ದಾರೆ. ಅರವತ್ತು ವರ್ಷದಲ್ಲಿ ಇದನ್ನು ಹಿಡಿದವನು ನಾನೊಬ್ಬನೇ ಅಂತ ನನ್ನ ಧೈರ್ಯದ ಅಂದಾಜು.

ದುಡ್ಡಿನ ಲೆಕ್ಕ ಕೇಳುವವರಿಗೆ: ಕೆಟ್ಟುಹೋದದ್ದೆಲ್ಲ ಸೇರಿ ಏಳೆಂಟುನೂರು ಡಾಲರ್. ಲ್ಯಾಬಿನ ದುಪ್ಪಟ್ಟು. ಆದರೆ ಎರಡನೇ ರೀಲಿಗೆ ಕರೆಂಟು ಬಿಟ್ಟು ಬೇರೆ ಖರ್ಚಿಲ್ಲ, ಈಗಾಗಲೇ ಏಳೆಂಟು ರೀಲು ಮುಗಿಸಿದ್ದೇನೆ.

ದೀಪಾವಳಿಗೆ ಬಂದ ಕನ್ನಡದ ಮನೆಗಳ ಮಕ್ಕಳಿಗೆ ಇದನ್ನು ಗೋಡೆ ಮೇಲೆ ತೋರಿಸಿದೆ. ಮೊದಲೇ ಊರಿಂದ ತಂದಿದ್ದ ದೊಡ್ಡಪ್ಪನ ಫೋನು ಮುಂದಿಟ್ಟಿದ್ದೆ. ಒಂಬತ್ತು ವರ್ಷದವನೊಬ್ಬ ತೂತಿನೊಳಗಿನ ಅಂಕಿಯನ್ನು ಒತ್ತಿ ಒತ್ತಿ "ಅಂಕಲ್, ಇದು ಕೆಟ್ಟಿದೆ" ಅಂದ. ಚಿತ್ರ ಮುಗಿದ ಮೇಲೆ ಅವನೇ ತಡೆಯವರೆಗೆ ಎಳೆದು ಬಿಟ್ಟು, ಡಯಲು ವಾಪಸ್ ಬರುವವರೆಗೆ ಕಾದು, ಸರಿಯಾಗಿ ಹಚ್ಚಿದ. ಡಯಲಿನ ಟಿಕ್ಕನ್ನು (ಪಲ್ಸ್) ಹಿಡಿಯುವ ಅಡಾಪ್ಟರ್ ಹಾಕಿದ್ದರಿಂದ ಒಳಕೋಣೆಯ ಫೋನು ನಿಜಕ್ಕೂ ರಿಂಗಾಯಿತು. ಹೊಗೆ ಕಂಡ ಹುಡುಗ ಸೊನ್ನೆ ತಿರುಗಿಸಿ ಆಪರೇಟರ್ ಕರೆಯುವ ದೃಶ್ಯಕ್ಕೆ "911 ಯಾಕೆ ಮಾಡಲ್ಲ?" ಅಂತ ಗಲಾಟೆ. ಅಮೆರಿಕದ ತುರ್ತು ನಂಬರ್ ಆದ 911ಕ್ಕೆ ಮೊದಲ ಕರೆ ಹೋಗಿದ್ದೇ 1968ರಲ್ಲಿ, ಅಲಬಾಮಾದ ಹೇಲಿವಿಲ್ಲಿನಿಂದ, ಅಂತ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ, ಎಲ್ಲರೂ ಫೋನಿಗೆ ಸಾಲು ನಿಂತಿದ್ದರು.

ಈಗ ಗರಾಜಿನಲ್ಲಿ ಮುಂದಿನ ರೀಲು ಕೂತಿದೆ, ಕೊಡಾಕ್ರೋಮು ಎಂಬ ಬೇರೆ ಥರದ ಫಿಲ್ಮು, ಬಣ್ಣ ಮಾಸುವ ಗೋಳಿಲ್ಲ. ರೋಲರಿನ ಫೈಲು, ಕೋಡು ಬೇಕಾದವರು ಕೇಳಿ, ಕೊಡುತ್ತೇನೆ. ಗೇಟಿನದು ಮಾತ್ರ ಕೇಳಬೇಡಿ.