ಮೊದಲ ಗಿಣ್ಣುಹಾಲು ಕರುವಿಗೆ, ಆಮೇಲೆ ನಿಮಗೆ

ಹಸು ಕರು ಹಾಕಿತು ಅನ್ನುವುದೇ ತಡ, ಗಿಣ್ಣಿಗೆ ಬೆಲ್ಲ ಕುಟ್ಟಲು ಕೂರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕರು ಇನ್ನೂ ಎದ್ದು ನಿಂತಿರುವುದಿಲ್ಲ, ಪಾತ್ರೆ ಹಿಡಿದು ಕೊಟ್ಟಿಗೆಗೆ ಬಂದಿರುತ್ತಾರೆ. ಇನ್ನು ಕೆಲವರು "ಕಸ ಬೀಳಲಿ, ಆಮೇಲೆ ಕುಡಿಸೋಣ" ಎಂದು ಸುಮ್ನೆ ಕೂರುತ್ತಾರೆ. ಕಸ ಅಂದರೆ ಮಾಸು, ಹೊಟ್ಟೆಯಲ್ಲಿ ಕರುವನ್ನು ತಾಯಿಗೆ ಜೋಡಿಸಿದ್ದ ಪೊರೆ. ಅದು ಬೀಳಲು ಎಷ್ಟೋ ಗಂಟೆ ಹಿಡಿಯಬಹುದು. ಅಲ್ಲಿಯವರೆಗೆ ಕರು ಉಪವಾಸ ಇರಬೇಕಾ? ಕರು ಮೊಲೆ ಚೀಪಿದರೆ ಕಸ ಬೀಳಲು ಅನುಕೂಲವೇ ಆಗುತ್ತದೆ.

ನಮ್ಮ ಮಕ್ಕಳಿಗೆ ರೋಗ ತಡೆಯುವ ಪ್ರತಿಕಾಯಗಳು ಹೊಟ್ಟೆಯಲ್ಲಿದ್ದಾಗಲೇ ತಾಯಿಯ ರಕ್ತದಿಂದ ಬರುತ್ತವೆ. ಹಸು, ಎಮ್ಮೆ, ಕುರಿ, ಮೇಕೆಗಳಲ್ಲಿ ಹಾಗಲ್ಲ. ಅವುಗಳ ಮಾಸು ಪ್ರತಿಕಾಯಗಳನ್ನು ದಾಟಲು ಬಿಡುವುದಿಲ್ಲ. ಇರುವುದೆಲ್ಲ ಮೊದಲ ಗಿಣ್ಣುಹಾಲಿನಲ್ಲಿ. ಹುಟ್ಟಿದ ಕರುವಿನ ಕರುಳು ಆ ಪ್ರತಿಕಾಯಗಳನ್ನು ಹಾಗೇ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಆದರೆ ಗಂಟೆ ಕಳೆದಂತೆಲ್ಲ ಅದು ಕಡಿಮೆಯಾಗುತ್ತಾ 24 ಗಂಟೆಯ ಹೊತ್ತಿಗೆ ಬಾಗಿಲು ಮುಚ್ಚಿದ ಹಾಗೆ. ಆಮೇಲೆ ಬಕೆಟ್‌ಗಟ್ಟಲೆ ಕುಡಿಸಿದರೂ ರಕ್ತಕ್ಕೆ ಸೇರುವುದಿಲ್ಲ. ಅದಕ್ಕೇ ಒಂದೆರಡು ಗಂಟೆಯೊಳಗೆ ಕುಡಿಸಿ ಎನ್ನುವುದು. ಎಷ್ಟು ಅಂದರೆ, ಪಕ್ಕೆ ತುಂಬಿಕೊಳ್ಳುವಷ್ಟು. ಲೆಕ್ಕವೇ ಬೇಕಿದ್ದರೆ ಮೊದಲ ದಿನಕ್ಕೆ ಮೈತೂಕದ ಹತ್ತನೇ ಒಂದು ಪಾಲಾದರೂ ಬೇಕು: 30 ಕಿಲೋ ಕರುವಿಗೆ 3 ಲೀಟರ್, ಎರಡು ಮೂರು ಸಲ ಮಾಡಿ.

ಕರು ತಾನೇ ಮೊಲೆ ಹಿಡಿದರೆ ಸರಿ. ಹಿಡಿಯದಿದ್ದರೆ ಗೊಟ್ಟ (ದನಗಳಿಗೆ ಔಷಧಿ ಕುಡಿಸುವ ಬಿದಿರಿನ ಕೊಳವೆ) ತಂದು ಗಂಟಲಿಗೆ ಸುರಿಯಬೇಡಿ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ನಾನು ಮಾಡುವುದು ಹೀಗೆ. ಉಗುರು ಕತ್ತರಿಸಿ ಕೈ ತೊಳೆದುಕೊಳ್ಳಿ. ಕರುವನ್ನು ನಿಮ್ಮ ಎರಡು ಮೊಣಕಾಲುಗಳ ನಡುವೆ ನಿಲ್ಲಿಸಿಕೊಳ್ಳಿ. ಎರಡು ಬೆರಳನ್ನು ಗಿಣ್ಣುಹಾಲಿನಲ್ಲಿ ಅದ್ದಿ, ಬಾಯಿಯ ಮೂಲೆಯಿಂದ ಒಳಗೆ ಜಾರಿಸಿ, ಮೇಲಿನ ಅಂಗುಳವನ್ನು ಮೆಲ್ಲಗೆ ಉಜ್ಜುತ್ತಿರಿ. ಮೊದಲು ಉಗುಳುತ್ತದೆ. ಉಗುಳಲಿ, ಮತ್ತೆ ಅದ್ದಿ. ಸ್ವಲ್ಪ ಹೊತ್ತಿಗೆ ಒರಟು ನಾಲಿಗೆ ಬೆರಳನ್ನು ಸುತ್ತಿಕೊಂಡು ಎಳೆಯತೊಡಗುತ್ತದೆ. ಆ ಎಳೆತ ಬಲವಾದ ಮೇಲೆಯೇ ಬಾಟಲಿಯ ನಿಪ್ಪಲ್ ಪಕ್ಕದಲ್ಲಿ ತೂರಿಸಿ ಬೆರಳು ಹಿಂದಕ್ಕೆ ತೆಗೆಯಿರಿ. ಕತ್ತು ಕೆಚ್ಚಲಿಗೆ ಚಾಚುವಷ್ಟೇ ಮೇಲಿರಲಿ, ಆಕಾಶಕ್ಕೆ ಎತ್ತಬೇಡಿ. ಕರುವಿನ ಹೊಟ್ಟೆಯಲ್ಲಿ ನಾಲ್ಕು ಭಾಗ; ಚೀಪಿ ಕುಡಿದಾಗ ಹಾಲು ನೇರ ಅದು ಅರಗುವ ನಾಲ್ಕನೇ ಭಾಗಕ್ಕೆ ಇಳಿಯುತ್ತದೆ. ಬಾಲ ಅಲ್ಲಾಡಿಸಿದರೆ ಕೆಲಸ ಆಯಿತೆಂದು ತಿಳಿಯಿರಿ. ಆತುರ ಇರುವವರು ಈ ಕೆಲಸಕ್ಕೆ ಬರಲೇಬೇಡಿ.

ಹಾಲು ಆರಿದ್ದರೆ ಒಲೆಯ ಮೇಲೆ ಇಡುವುದು ಬೇಡ. ಪಾತ್ರೆಯಲ್ಲೇ ಗಿಣ್ಣಾಗುತ್ತದೆ, ಪ್ರತಿಕಾಯಗಳೂ ಹಾಳು. ಕೈ ಇಟ್ಟರೆ ಸುಡದಷ್ಟು ಬಿಸಿನೀರಿನಲ್ಲಿ ಬಾಟಲಿ ನಿಲ್ಲಿಸಿ. ಕುಡಿಸಿದ ಮೇಲೆ ಬಾಟಲಿಯನ್ನು ಮೊದಲು ತಣ್ಣೀರಲ್ಲಿ ತೊಳೆದು, ಆಮೇಲೆ ಸೋಪು, ಬಿಸಿನೀರು. ಮೊದಲೇ ಕುದಿನೀರು ಹಾಕಿದರೆ ಹಾಲು ಒಳಗೇ ಹಿಡಿದುಕೊಳ್ಳುತ್ತದೆ. ಅಡುಗೆಮನೆಯ ಹಾಲಿನ ಪಾತ್ರೆಗೂ ಇದೇ ಮಾತು, ಸೊಸೆಯಂದಿರಿಗೆ ಹೇಳಿ ಹೇಳಿ ಸಾಕಾಗಿದೆ.

ನಮ್ಮ ಅತ್ತೆಗೆ ಪ್ರತಿಕಾಯ ಎಂದರೆ ಏನೆಂದು ಗೊತ್ತಿರಲಿಲ್ಲ. ಆದರೂ ಕರುವಿನ ಹೊಟ್ಟೆ ಮುಟ್ಟಿ ನೋಡದೆ ಒಂದು ಲೋಟ ಗಿಣ್ಣುಹಾಲನ್ನೂ ಒಳಗೆ ತರಲು ಬಿಡುತ್ತಿರಲಿಲ್ಲ. ನಾವು ಮಕ್ಕಳು ಮರಿಗಳೆಲ್ಲ ಹೊಸ್ತಿಲಲ್ಲಿ ಕಾಯಬೇಕಿತ್ತು.

ಮೊದಲ ಕರೆತದಲ್ಲಿ ಕರು ಕುಡಿದು ಮಿಕ್ಕಿದ್ದನ್ನೂ ಬೆಲ್ಲಕ್ಕೆ ಸುರಿಯಬೇಡಿ. ಒಂದು ಬಾಟಲಿ ಫ್ರೀಜರ್‌ನಲ್ಲಿಡಿ. ಪಕ್ಕದ ಮನೆಯ ಹಸು ಕರು ಹಾಕಿ ಸತ್ತರೆ, ಇಲ್ಲವೇ ಕೆಚ್ಚಲು ಬಾವು ಬಂದರೆ, ಆ ಕರುವಿಗೆ ಅದೇ ಬೇಕು. ನಿಮ್ಮ ಗಿಣ್ಣಿಗೆ ಮರುದಿನದ ಹಾಲು ಸಾಕು, ಏಲಕ್ಕಿ ಸ್ವಲ್ಪ ಜಾಸ್ತಿ ಹಾಕಿ.