ಒಳಗಿನಿಂದ ಮಬ್ಬಾಗುವ ಕಾರಿನ ಗಾಜು: ಮಲೆನಾಡಿನ ಮಳೆಯಲ್ಲಿ ನನ್ನ ಅನುಭವ

ಅಮ್ಮನನ್ನು ಡಾಕ್ಟರಿಗೆ ತೋರಿಸಲು ನಾನು ತಿಂಗಳಿಗೆ ಎರಡು ಸಲ ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ಹೋಗಿಬರುತ್ತೇನೆ. ದಾರಿ ಆಗುಂಬೆ ಘಾಟಿಯದು. 14 ಹೇರ್‌ಪಿನ್ ತಿರುವು. ಪುನರ್ವಸು ಮಳೆ ಹಿಡಿದರೆ ಅಲ್ಲಿ ಹಗಲಲ್ಲೂ ಹೆಡ್‌ಲೈಟ್ ಬೇಕು.

ಮೂರು ವರ್ಷದ ಹಿಂದಿನ ಜುಲೈ. ವಾಪಸ್ ಬರುವಾಗ ಸೋಮೇಶ್ವರ ದಾಟಿ ಘಾಟಿ ಹತ್ತುತ್ತಿದ್ದೆವು. ನಮ್ಮದು ಸಾವಿರ ಸಿಸಿಯ ಸಣ್ಣ ಕಾರು, ಒಳಗೆ ನಾಲ್ಕು ಜನ. ಏರಿನಲ್ಲಿ ಎಸಿ ಇದ್ದರೆ ಗಾಡಿ ಎಳೆಯುವುದಿಲ್ಲ ಅಂತ ಆಫ್ ಮಾಡಿದೆ. ಮಳೆ ಜೋರಿದ್ದುದರಿಂದ ಕಿಟಕಿಗಳೆಲ್ಲ ಮುಚ್ಚಿದ್ದವು. ಎರಡನೇ ತಿರುವು ಮುಗಿಯುವಷ್ಟರಲ್ಲಿ ಮುಂದಿನ ಗಾಜು ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. ಅಂಗೈಯಲ್ಲಿ ಒರೆಸಿದೆ. ಒರೆಸಿದಲ್ಲೆಲ್ಲ ನೀರಿನ ಗೆರೆ. ಎದುರಿಗೆ ಬಂದ ಮಿನಿ ಬಸ್ಸಿನ ಬೆಳಕು ಆ ಗೆರೆಗಳ ಮೇಲೆ ಹರಡಿ, ಬಸ್ಸು ಎಡಕ್ಕಿದೆಯೋ ಬಲಕ್ಕಿದೆಯೋ ಗೊತ್ತಾಗಲಿಲ್ಲ. ಬ್ರೇಕ್ ಒತ್ತಿ ನಿಂತುಬಿಟ್ಟೆ. ಬಸ್ಸು ಮೊಳದಷ್ಟು ದೂರದಲ್ಲಿ ದಾಟಿ ಹೋಯಿತು. ಹಿಂದಿನ ಸೀಟಿನಲ್ಲಿ ಅಮ್ಮ ನನ್ನ ಭುಜ ಹಿಡಿದವರು ಮೇಲೆ ಆಗುಂಬೆ ತಲುಪುವವರೆಗೂ ಬಿಡಲಿಲ್ಲ.

ಆ ಮಳೆಗಾಲದಲ್ಲೇ ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು ಅಂತ ಕೂತೆ.

ತಣ್ಣೀರು ತುಂಬಿದ ಚೊಂಬಿನ ಹೊರಗೆ ಹನಿ ಕಟ್ಟುತ್ತದಲ್ವಾ, ಇದೂ ಅದೇ. ಬಿಸಿ ಗಾಳಿ ಜಾಸ್ತಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ತಣ್ಣನೆ ಗಾಳಿ ಕಡಿಮೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಹಿಡಿಯುತ್ತದೆ. 20 ಡಿಗ್ರಿಗೆ ಇಳಿದರೆ 17 ಗ್ರಾಂ ಅಷ್ಟೇ. ನಾಲ್ಕು ಜನರ ಉಸಿರು, ಒದ್ದೆ ಛತ್ರಿ, ಒದ್ದೆ ಬಟ್ಟೆ ಸೇರಿ ಕಾರಿನ ಗಾಳಿ ತುಂಬಿಹೋಗಿರುತ್ತದೆ. ಹೊರಗೆ ಮಳೆ ಗಾಜನ್ನು ತಣ್ಣಗೆ ಮಾಡಿರುತ್ತದೆ. ಗಾಳಿ ಗಾಜಿಗೆ ತಾಗಿದಲ್ಲಿ ಹಿಡಿಯಲಾಗದ ನೀರು ಹನಿಯಾಗಿ ಕೂರುತ್ತದೆ.

ಆದರೆ ಎಸಿ ಆಫ್ ಮಾಡಿದ ತಕ್ಷಣ ಅಷ್ಟು ಬೇಗ ಏಕೆ? ಉತ್ತರ ಡ್ಯಾಶ್‌ಬೋರ್ಡಿನ ಒಳಗಿದೆ. ಎಸಿ ಓಡುವಾಗ ಅಲ್ಲಿರುವ ಕೂಲಿಂಗ್ ಕಾಯಿಲ್ ಮೇಲೆ ಗಾಳಿಯ ನೀರು ಇಳಿದು, ಪೈಪಿನಲ್ಲಿ ಹರಿದು ಕಾರಿನ ಅಡಿಗೆ ತೊಟ್ಟಿಕ್ಕುತ್ತದೆ. ಎಸಿ ನಿಲ್ಲಿಸಿ ಫ್ಯಾನ್ ಮಾತ್ರ ಬಿಟ್ಟರೆ, ಒದ್ದೆ ಕಾಯಿಲ್ ಮೇಲಿನ ನೀರೆಲ್ಲ ಮತ್ತೆ ಆವಿಯಾಗಿ ಒಳಗೇ ಬರುತ್ತದೆ. ಅದರ ಮೇಲೆ ನಾನು ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿದ್ದೆ. ಕಾರಿನ ಚಿತ್ರದೊಳಗೆ ಬಾಣ ತಿರುಗಿರುತ್ತದಲ್ಲ, ಅದು. ನಮ್ಮ ಕಡೆ ಘಾಟಿ ಹತ್ತುವಾಗ ಎಸಿ ಆಫ್ ಮಾಡುವುದು ಎಲ್ಲರ ಅಭ್ಯಾಸ. ಮಳೆಯಲ್ಲಿ ದಯವಿಟ್ಟು ಮಾಡಬೇಡಿ. ಒಂದು ಗೇರ್ ಇಳಿಸಿ ನಿಧಾನ ಹತ್ತಿ.

ಈಗ ನಾನು ಮಾಡುವುದು ಹೀಗೆ. ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸುತ್ತೇನೆ. ಎಸಿ ಆನ್, ಫ್ಯಾನ್ ಜೋರು, ಹೊರಗಿನ ಗಾಳಿ ಒಳಗೆ ಬರುವ ಹಾಗೆ. ಟೆಂಪರೇಚರ್ ನಾಬ್ ಮಾತ್ರ ಕೆಂಪು ಕಡೆಗೆ. ಎಸಿ ಹಾಕಿ ಬಿಸಿ ಗಾಳಿ ಬಿಡುವುದು ಹಲವರಿಗೆ ವಿಚಿತ್ರ ಅನಿಸುತ್ತದೆ. ಎಸಿ ಗಾಳಿಯಿಂದ ನೀರು ತೆಗೆಯುತ್ತದೆ, ಹೀಟರ್ ಆ ಗಾಳಿಯನ್ನು ಬೆಚ್ಚಗೆ ಮಾಡುತ್ತದೆ. ಹಾಗೆ ಒಣಗಿದ ಗಾಳಿ ಗಾಜಿನ ಹನಿಗಳನ್ನು ಹೀರಿಕೊಳ್ಳುತ್ತದೆ. ಹೊರಗಿನ ಗಾಳಿಯೂ ಒದ್ದೆಯೇ ಅಲ್ವಾ ಅಂತ ನನ್ನ ತಮ್ಮ ಕೇಳಿದ. ಒದ್ದೆಯೇ. ಆದರೆ ಅದು ತಣ್ಣಗಿದೆ, ನಾಲ್ಕು ಜನರ ಉಸಿರು ತುಂಬಿದ ಗಾಳಿಗಿಂತ ಅದರಲ್ಲಿ ನೀರು ಕಡಿಮೆ. ಗಾಜು ಕೆಳಗಿನಿಂದ ಮೇಲಕ್ಕೆ ಅರ್ಧಚಂದ್ರದ ಹಾಗೆ ತಿಳಿಯಾಗುತ್ತಾ ಬರುತ್ತದೆ. ನನ್ನ ಕಾರಿನಲ್ಲಿ ಎಂಜಿನ್ ಬಿಸಿ ಇದ್ದರೆ ಒಂದೆರಡು ನಿಮಿಷ ಸಾಕು.

ಇಷ್ಟು ಮಾಡಿದರೂ ಮರುದಿನ ಬೆಳಗ್ಗೆ ಗಾಜು ಒಳಗಿನಿಂದ ನೆನೆದಿರುತ್ತಿತ್ತು. ರಾತ್ರಿಯಿಡೀ ಯಾರೂ ಕೂತಿರದ ಕಾರು! ನೀರು ಎಲ್ಲಿಂದ? ಎಡಗಡೆ ಮುಂದಿನ ಸೀಟಿನ ಕೆಳಗೆ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿದೆ. ಮೇಲೆ ಒಣಗಿತ್ತು. ಜೋರಾಗಿ ಒತ್ತಿದಾಗ ಬೆರಳ ಸಂದಿಯಲ್ಲಿ ನೀರು ಬಂತು, ಕೊಳೆತ ಎಲೆಯ ವಾಸನೆ. ಕಾರ್ಪೆಟ್ ಅಡಿಯಲ್ಲಿ ಎರಡು ಬೆರಳು ದಪ್ಪದ ಸ್ಪಂಜು ಇರುತ್ತದೆ. ಅದು ಕುಡಿದ ನೀರು ತಾನಾಗಿ ಒಣಗುವುದೇ ಇಲ್ಲ.

ಕಾರು ನಿಲ್ಲಿಸುತ್ತಿದ್ದುದು ನೇರಳೆ ಮರದ ಕೆಳಗೆ. ಬಾನೆಟ್ ಎತ್ತಿ, ವೈಪರ್ ಬುಡದ ಪ್ಲಾಸ್ಟಿಕ್ ಜಾಲರಿ ಬಿಚ್ಚಿ ನೋಡಿದರೆ ಒಳಗೆ ಎಲೆ ಕೊಳೆತು ಗೊಬ್ಬರವಾಗಿತ್ತು. ಗಾಜಿನಿಂದ ಇಳಿಯುವ ಮಳೆನೀರು ಹೊರಹೋಗುವ ತೂತು ಅಲ್ಲೇ ಇರುತ್ತದೆ. ಅದು ಕಟ್ಟಿದ್ದರಿಂದ ನೀರು ನಿಂತು, ಗಾಳಿ ಬರುವ ದಾರಿಯಲ್ಲೇ ಕಾರಿನೊಳಗೆ ಇಳಿಯುತ್ತಿತ್ತು. ಎಲೆಯನ್ನು ಕೈಯಿಂದ ಬಾಚಿ ತೆಗೆದೆ, ತೂತಿಗೆ ತೆಂಗಿನ ಗರಿಯ ಕಡ್ಡಿ ಆಡಿಸಿದೆ. ಒಂದು ಚೊಂಬು ನೀರು ಸುರಿದೆ. ಮುಂದಿನ ಚಕ್ರದ ಹಿಂದೆ ನೀರು ಗಳಗಳ ಅಂತ ಸುರಿದಾಗ ಆದ ಸಮಾಧಾನ ಹೇಳತೀರದು. ಬಾಗಿಲುಗಳ ಕೆಳಅಂಚಿನ ಸಣ್ಣ ತೂತುಗಳನ್ನೂ ಹಾಗೇ ಬಿಡಿಸಿದೆ.

ಸೀಟು ಬಿಚ್ಚಿ, ಕಾರ್ಪೆಟ್ ಎತ್ತಿ ಅಡಿಗೆ ಇಟ್ಟಿಗೆ ಕೊಟ್ಟು, ಟೇಬಲ್ ಫ್ಯಾನ್ ಹಚ್ಚಿದೆ. ಪೂರ್ತಿ ಒಣಗಲು ಮೂರು ದಿನ ಬೇಕಾಯಿತು. ಅದಾದ ಮೇಲೆ ಬೆಳಗಿನ ಮಬ್ಬು ಮುಕ್ಕಾಲು ಪಾಲು ಹೋಯಿತು. ಗಾಜಿಗೆ ಏನೇನೋ ಹಚ್ಚಿ ದುಡ್ಡು ಹಾಳು ಮಾಡುವ ಮೊದಲು ಕಾರ್ಪೆಟ್ ಒತ್ತಿ ನೋಡಿ ಅಂತ ನಾನು ಕಂಡವರಿಗೆಲ್ಲ ಹೇಳುತ್ತೇನೆ.

ಗಾಜು ಸ್ವಚ್ಛವಾಗಿರಬೇಕು, ಅದೂ ಒಳಮೈ. ಅಗರಬತ್ತಿ ಹೊಗೆ, ಡ್ಯಾಶ್‌ಬೋರ್ಡ್ ಪಾಲಿಶ್, ಕೈಯ ಜಿಡ್ಡು ಕೂತ ಗಾಜಿಗೆ ಹನಿ ಬೇಗ ಹಿಡಿಯುತ್ತದೆ. ಹದಿನೈದು ದಿನಕ್ಕೊಮ್ಮೆ ನೀರಿಗೆ ಸ್ವಲ್ಪ ವಿನೆಗರ್ ಹಾಕಿ ಒರೆಸಿ, ಒಣ ಮೈಕ್ರೋಫೈಬರ್ ಬಟ್ಟೆಯಿಂದ ಉಜ್ಜುತ್ತೇನೆ. ಶೇವಿಂಗ್ ಫೋಮ್ ಹಚ್ಚಿ ಒರೆಸುವ ಉಪಾಯವೂ ಕೆಲಸ ಮಾಡುತ್ತದೆ, ನಾಲ್ಕೈದು ದಿನ. ಆದರೆ ಮುಂದಿನ ಗಾಜಿಗೆ ನಾನು ಹಚ್ಚುವುದಿಲ್ಲ. ರಾತ್ರಿ ಎದುರಿನ ಬೆಳಕಿಗೆ ಮಸುಕು ಕಾಣುತ್ತದೆ. ಪಕ್ಕದ ಗಾಜುಗಳಿಗೆ ಸಾಕು.

ಸಿಲಿಕಾ ಜೆಲ್ ಅರ್ಧ ಕೆಜಿ ಬಟ್ಟೆ ಚೀಲದಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಇಡುತ್ತೇನೆ. ವಾರದ ನಂತರ ತೂಗಿದರೆ ಎಷ್ಟು ನೀರು ಕುಡಿದಿದೆ ಗೊತ್ತಾಗುತ್ತದೆ. ತೂಕ ಏರುವುದು ನಿಂತಾಗ ಬೇರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಬೇಕು. ಇಲ್ಲದಿದ್ದರೆ ಅದು ಸುಮ್ನೆ ಕಲ್ಲಿನ ಚೀಲ. ಒದ್ದೆ ಛತ್ರಿಗೆ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಇಟ್ಟಿದ್ದೇನೆ.

ಇನ್ನೊಂದು ವಿಷಯ. ಘಾಟಿ ಇಳಿದು ಹೆಬ್ರಿ ಕಡೆ ಹೋಗುವಾಗ ಗಾಜು ಮತ್ತೆ ಮಬ್ಬಾಗುತ್ತದೆ, ಆಗ ಎಸಿ ಜೋರು ಮಾಡಿದರೆ ಇನ್ನೂ ಜಾಸ್ತಿ! ಮೊದಲ ಸಲ ನನಗೂ ಗಾಬರಿಯಾಯಿತು. ಬೆರಳಿಂದ ಒಳಗೆ ಗೀರಿದೆ, ಗೆರೆ ಬೀಳಲಿಲ್ಲ. ವೈಪರ್ ಹಾಕಿದೆ, ಒಂದೇ ಬೀಸಿಗೆ ಹೋಯಿತು. ಇಲ್ಲಿ ಹನಿ ಕೂತಿದ್ದು ಹೊರಗೆ. ಕರಾವಳಿಯ ಬೆಚ್ಚನೆ ಒದ್ದೆ ಗಾಳಿ, ಎಸಿಯಿಂದ ತಣ್ಣಗಾದ ಗಾಜು. ಅಲ್ಲಿ ಗಾಳಿಯನ್ನು ಗಾಜಿನಿಂದ ಕಾಲಿನ ಕಡೆಗೆ ತಿರುಗಿಸಿ, ತಂಪು ಕಡಿಮೆ ಮಾಡಬೇಕು. ಹಾಗಾಗಿ ಈಗ ಗಾಜು ಮಬ್ಬಾದರೆ ಯಾವ ಬಟನ್ ಮುಟ್ಟುವ ಮೊದಲೂ ಪಕ್ಕದ ಸೀಟಿನಿಂದ ಅಮ್ಮನೇ ಗಾಜಿನ ಮೂಲೆಗೆ ಬೆರಳು ಹಚ್ಚಿ, ‘ಒಳಗಿಂದು’ ಅಥವಾ ‘ಹೊರಗಿಂದು’ ಅಂತ ಹೇಳುತ್ತಾರೆ.